ಸ್ಕಿಪ್ ಬಟನ್ ಇಲ್ಲದ ರೇಡಿಯೊ

ನಮ್ಮ ಹಾಸ್ಟೆಲ್‌ನಲ್ಲಿ ಬಹುತೇಕ ಎಲ್ಲರ ಕಿವಿಯಲ್ಲೂ ಇಯರ್‌ಫೋನ್ ಇರುತ್ತದೆ. ಆದರೆ ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಅವೇ ಹಾಡುಗಳನ್ನು. ನಿನ್ನೆ ಒಂದು ಹಾಡನ್ನು ಎರಡು ಸಲ ಕೇಳಿದರೆ ಸಾಕು, ಇವತ್ತು ಆ್ಯಪ್ ಅದರ ಅಣ್ಣತಮ್ಮಂದಿರನ್ನೆಲ್ಲ ಕರೆತಂದು ನಿಲ್ಲಿಸುತ್ತದೆ. ನಮಗೆ ಇಷ್ಟವಾದದ್ದನ್ನೇ ಕೊಡುತ್ತದೆ ನಿಜ. ಮುಂದೆ ಇಷ್ಟವಾಗಬಹುದಾದ ಹೊಸದೊಂದು ಮಾತ್ರ ಹತ್ತಿರ ಸುಳಿಯುವುದಿಲ್ಲ.

ಆಡಿಯೊ ಸ್ಟ್ರೀಮಿಂಗ್ ಬಗ್ಗೆ ಮಿನಿ ಪ್ರಾಜೆಕ್ಟ್ ಮಾಡುವಾಗ ನನಗೆ ಸಿಕ್ಕಿದ್ದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದ ‘ಸೋಮಾ ಎಫ್‌ಎಂ’. ಹೆಸರಲ್ಲಿ ಎಫ್‌ಎಂ ಇದ್ದರೂ ಪ್ರಸಾರವೆಲ್ಲ ಇಂಟರ್ನೆಟ್‌ನಲ್ಲೇ. ರಸ್ಟಿ ಹಾಡ್ಜ್ ಎಂಬುವರು 2000ರಲ್ಲಿ ತಮ್ಮ ಮನೆಯ ಗ್ಯಾರೇಜಿನಿಂದ ಇದನ್ನು ಶುರು ಮಾಡಿದರು. ಜಾಹೀರಾತಿಲ್ಲ, ಲಾಗಿನ್ ಬೇಕಿಲ್ಲ. ಕೇಳುಗರು ಕೊಡುವ ದೇಣಿಗೆಯಿಂದಲೇ ನಡೆಯುತ್ತದೆ. ಈಗ ಮೂವತ್ತಕ್ಕೂ ಹೆಚ್ಚು ಚಾನೆಲ್‌ಗಳಿವೆ. ಓದುವಾಗ ನಾನು ‘ಗ್ರೂವ್ ಸಲಾಡ್’ ಹಾಕಿಕೊಳ್ಳುತ್ತೇನೆ, ನಿದ್ದೆ ಬಾರದಿದ್ದರೆ ‘ಡ್ರೋನ್ ಝೋನ್’. 128 ಕೆಬಿಪಿಎಸ್ ಸ್ಟ್ರೀಮ್‌ಗೆ ಗಂಟೆಗೆ ಸುಮಾರು 58 ಎಂಬಿ ಡೇಟಾ ಸಾಕು.

ಇಲ್ಲಿ ಯಾವ ಹಾಡು ಇರಬೇಕೆಂದು ಆರಿಸುವವರು ಮನುಷ್ಯರು. ಸ್ಕಿಪ್ ಮಾಡುವ ಬಟನ್ ಇಲ್ಲ. ಹಾಗಾಗಿ ಮೊದಲು ಹಿಡಿಸದ ಹಾಡನ್ನೂ ಕೊನೆಯವರೆಗೆ ಕೇಳುತ್ತೇನೆ. ಎಷ್ಟೋ ಸಲ ಮೂರನೇ ನಿಮಿಷಕ್ಕೆ ಅದು ಇಷ್ಟವಾಗಿಬಿಡುತ್ತದೆ.

ಈ ಸ್ಟೇಷನ್ ಸುಲಭವಾಗಿ ಉಳಿದು ಬಂದಿದ್ದಲ್ಲ. 2002ರಲ್ಲಿ ಅಮೆರಿಕದಲ್ಲಿ ಇಂಟರ್ನೆಟ್ ರೇಡಿಯೊಗಳು ಪ್ರತಿ ಹಾಡಿಗೆ, ಪ್ರತಿ ಕೇಳುಗನಿಗೆ 0.07 ಸೆಂಟ್ ರಾಯಧನ ಕೊಡಬೇಕೆಂದು ನಿಗದಿಯಾಯಿತು. ಕೇಳಲು ಚಿಲ್ಲರೆ ಹಣ. ಲೆಕ್ಕ ಹಾಕಿ ನೋಡಿ: ಸಾವಿರ ಜನ ಕೇಳುಗರು, ಗಂಟೆಗೆ 15 ಹಾಡು, ದಿನವಿಡೀ ಪ್ರಸಾರ ಎಂದರೆ ದಿನಕ್ಕೆ 252 ಡಾಲರ್! ಒಂದು ರೂಪಾಯಿ ಲಾಭವಿಲ್ಲದ ಕೆಲಸಕ್ಕೆ ಅಷ್ಟು ದುಡ್ಡು ಎಲ್ಲಿಂದ ತರುವುದು? ಸೋಮಾ ಎಫ್‌ಎಂ ಕೆಲ ತಿಂಗಳು ಬಾಯಿ ಮುಚ್ಚಿತು. ಅದೇ ವರ್ಷದ ಕೊನೆಗೆ ಸಣ್ಣ ಪ್ರಸಾರಕರಿಗೆ ಅನುಕೂಲವಾಗುವ ಕಾಯ್ದೆ ಬಂತು, ಹಾಡು ಮತ್ತೆ ಶುರುವಾಯಿತು.

‘ಇದರಿಂದ ಏನು ಉಪಯೋಗ?’ ಎಂದು ಕೇಳಿದ್ದರೆ ಅದು ಆಗಲೇ ನಿಂತುಹೋಗುತ್ತಿತ್ತು. ನಾವು ದಿನಾ ಕೇಳುವ ಪ್ರಶ್ನೆ ಇದೇ ಅಲ್ಲವೇ? ಗಿಟಾರ್ ಕಲಿತರೆ ರೀಲ್ಸ್ ಮಾಡು, ಚಿತ್ರ ಬರೆದರೆ ಮಾರು, ಕೋಡಿಂಗ್ ಖುಷಿ ಕೊಟ್ಟರೆ ಸರ್ಟಿಫಿಕೇಟ್ ತಗೋ. ರೆಸ್ಯೂಮೆಯಲ್ಲಿ ಒಂದು ಸಾಲಾಗದ ಹವ್ಯಾಸ ದಂಡ ಎನ್ನುವಂತಾಗಿದೆ. ಸಾಲ ಮಾಡಿ ಫೀಸ್ ಕಟ್ಟುವ ಅಪ್ಪ-ಅಮ್ಮನಿಗೆ ನಮ್ಮ ಕೆಲಸದ ಚಿಂತೆ ಇರುವುದು ಸಹಜ. ನಮಗೂ ಇದೆ. ಪ್ಲೇಸ್‌ಮೆಂಟ್ ಬೇಡ ಎಂದು ನಾನು ಹೇಳುತ್ತಿಲ್ಲ. ಆದರೆ ವಾರದ ನೂರ ಅರವತ್ತೆಂಟು ಗಂಟೆಗಳಲ್ಲಿ ಎರಡು ಗಂಟೆಯನ್ನು ಯಾರ ಅಂಕಕ್ಕೂ ಒಳಪಡದ ಕೆಲಸಕ್ಕೆ ಇಟ್ಟುಕೊಳ್ಳಬಾರದೇ?

ಇದು ಬರೀ ಅಮೆರಿಕದವರ ಶೋಕಿ ಎಂದುಕೊಳ್ಳಬೇಡಿ. ಮೈಸೂರಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಅವರು 1935ರಲ್ಲೇ ತಮ್ಮ ಮನೆಯಲ್ಲಿ ಸಣ್ಣ ಟ್ರಾನ್ಸ್‌ಮಿಟರ್ ಇಟ್ಟು ರೇಡಿಯೊ ಕೇಂದ್ರ ಆರಂಭಿಸಿದ್ದರು. ಅದರ ಹೆಸರು ‘ಆಕಾಶವಾಣಿ’. ಇಂದು ಇಡೀ ದೇಶದ ಸರ್ಕಾರಿ ರೇಡಿಯೊಗೆ ಇರುವುದೂ ಅದೇ ಹೆಸರು.

ಅವರಿಗೆ ಟ್ರಾನ್ಸ್‌ಮಿಟರ್ ಬೇಕಿತ್ತು. ನಮಗೆ ಒಂದು ಹಳೇ ಲ್ಯಾಪ್‌ಟಾಪ್ ಮತ್ತು ‘ಐಸ್‌ಕಾಸ್ಟ್’ ಎಂಬ ಉಚಿತ ತಂತ್ರಾಂಶ ಸಾಕು. ಸಿನಿಮಾ ಹಾಡು ಹಾಕಬೇಕಾದರೆ ಹಕ್ಕುದಾರರ ಅನುಮತಿ ಬೇಕು. ಆದರೆ ನಮ್ಮಲ್ಲಿ ಹಾಡುವವರಿಗೇನು ಕಮ್ಮಿ? ಅಜ್ಜಿಯ ಸೋಬಾನೆ ಪದ, ರೂಮ್‌ಮೇಟ್ ತಾನೇ ಕಟ್ಟಿದ ಟ್ಯೂನ್, ಮೆಸ್‌ನಲ್ಲಿ ಅಡುಗೆ ಮಾಡುವ ಅಣ್ಣನ ಭಜನೆ, ಇವನ್ನೆಲ್ಲ ಅವರ ಒಪ್ಪಿಗೆ ಪಡೆದು ರೆಕಾರ್ಡ್ ಮಾಡಬಹುದು. ಕೇಳುವವರು ಹತ್ತೇ ಜನ ಇದ್ದರೂ ಪರವಾಗಿಲ್ಲ. ಮುಂದಿನ ರಜೆಗೆ ಊರಿಗೆ ಹೋದಾಗ ಮೊದಲು ಅಜ್ಜಿಯ ಪಕ್ಕ ಫೋನ್ ಇಟ್ಟು ರೆಕಾರ್ಡ್ ಒತ್ತಿ. ಉಳಿದ ತಂತ್ರಜ್ಞಾನ ಆಮೇಲೆ ಕಲಿತರಾಯಿತು.