ಹಿಮದ ನಾಡಿಗೆ ಅಮ್ಮನೂ ಹೊರಡಲಿ

ಮಗಳೋ ಮಗನೋ ಯುರೋಪಿನಲ್ಲಿ ಕೆಲಸಕ್ಕಿದ್ದಾರೆ. ಡಿಸೆಂಬರ್ ರಜೆಗೆ ಬಾಮ್ಮಾ, ಫಿನ್ಲೆಂಡಿನ ಉತ್ತರ ತುದಿಗೆ, ಲ್ಯಾಪ್‌ಲೆಂಡಿಗೆ ಹೋಗೋಣ ಅಂತ ಕರೆಯುತ್ತಿದ್ದಾರೆ. ನಾಯಿಗಳು ಎಳೆಯುವ ಗಾಡಿಯಂತೆ, ಹಿಮಸಾರಂಗದ ಸವಾರಿಯಂತೆ, ರಾತ್ರಿ ಆಕಾಶದಲ್ಲಿ ಹಸಿರು ಬೆಳಕಂತೆ! ಆಗ ಅಮ್ಮನ ಬಾಯಲ್ಲಿ ಬರುವ ಮಾತು ನಿಮಗೆ ಗೊತ್ತೇ ಇದೆ. "ನೀವು ಸುತ್ತಾಡಿಕೊಂಡು ಬನ್ನಿ, ನಾನು ರೂಮಲ್ಲೇ ಇದ್ದು ಬಿಸಿಬಿಸಿ ಸಾರು ಮಾಡಿಟ್ಟಿರ್ತೀನಿ."

ಸೋದರಿಯರೇ, ಈ ಮಾತನ್ನು ಮಾತ್ರ ಆಡಬೇಡಿ. ಸಾರು ಮಾಡುವುದಕ್ಕೆ ಅಷ್ಟು ದೂರ ಹೋಗಬೇಕೆ? ಚಳಿ, ಮಂಡಿನೋವು, ಊಟ, ಮಕ್ಕಳಿಗೆ ಎಲ್ಲಿ ಹೊರೆಯಾಗುತ್ತೇನೋ ಎಂಬ ಸಂಕೋಚ, ಇವೇ ತಾನೆ ನಮ್ಮನ್ನು ಹಿಡಿದು ನಿಲ್ಲಿಸುವುದು?

ಮೊದಲು ಚಳಿ. ಲ್ಯಾಪ್‌ಲೆಂಡಿನ ಮುಖ್ಯ ಪಟ್ಟಣ ರೊವಾನಿಯೆಮಿ. ಉತ್ತರ ಧ್ರುವವೃತ್ತ ಅಲ್ಲಿಂದ ಸುಮಾರು 8 ಕಿಲೋಮೀಟರ್. ಡಿಸೆಂಬರ್ ಕೊನೆಯಲ್ಲಿ ಸೂರ್ಯ ಎರಡು ಮೂರು ಗಂಟೆ ಹೊತ್ತು ಮುಖ ತೋರಿಸಿದರೆ ಹೆಚ್ಚು. ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೆ ಇರುವುದು ಮಾಮೂಲು, 25ಕ್ಕೆ ಇಳಿಯುವ ದಿನಗಳೂ ಉಂಟು. ಕೇಳಿದರೇ ನಡುಕ ಬರುತ್ತದೆ ಅಲ್ಲವೆ? ಆದರೆ ಅಲ್ಲಿಯ ತಾಯಂದಿರು ಎಳೆಗೂಸನ್ನು ಬೆಚ್ಚಗೆ ಸುತ್ತಿ, ತಳ್ಳುಗಾಡಿಯಲ್ಲಿ ಮಲಗಿಸಿ, ಮನೆಯ ಹೊರಗೆ ಆ ಚಳಿಯಲ್ಲೇ ನಿದ್ದೆ ಮಾಡಿಸುತ್ತಾರೆ. ಎಲ್ಲ ಇರುವುದು ಉಡುಪಿನಲ್ಲಿ.

ನಮ್ಮ ನೆಚ್ಚಿನ ಹತ್ತಿಬಟ್ಟೆ ಅಲ್ಲಿ ಶತ್ರು. ಬೆವರನ್ನು ಹೀರಿಕೊಂಡು ಒದ್ದೆಯಾಗಿ ಮೈಗೆ ಅಂಟಿ ಕೊರೆಯುತ್ತದೆ. ಮೈಗೆ ತಾಗುವಂತೆ ತೆಳು ಉಣ್ಣೆಯ ಒಳಉಡುಪು, ಮೇಲೆ ಸ್ವೆಟರ್, ಅದರ ಮೇಲೆ ಗಾಳಿ ನುಗ್ಗದ ಕೋಟು. ಒಂದೇ ದಪ್ಪ ಬಟ್ಟೆಗಿಂತ ಮೂರು ಪದರ ಮೇಲು, ಯಾಕೆಂದರೆ ನಡುವೆ ಸಿಕ್ಕಿಬಿದ್ದ ಗಾಳಿಯೇ ನಿಮ್ಮ ಕಂಬಳಿ. ಸೀರೆಯ ಹಟ ಬೇಡ. ಸವಾರಿ ಏರ್ಪಡಿಸುವವರು ಸಾಮಾನ್ಯವಾಗಿ ಮೇಲೊಂದು ದಪ್ಪ ದಗಲೆಯಂಥ ಉಡುಪು, ಬೂಟು ಕೊಡುತ್ತಾರೆ. ಅದರೊಳಗೆ ಸೀರೆಯ ನೆರಿಗೆ ಹಿಡಿಸುವುದೇ ಇಲ್ಲ. ಬೆರಳು ಬೇರೆಬೇರೆಯಾದ ಕೈಗವಸಿಗಿಂತ ನಾಲ್ಕೂ ಬೆರಳು ಒಟ್ಟಿಗಿರುವ ಗವಸು ಬೆಚ್ಚಗೆ.

ಒಡವೆ ವಿಷಯ ನಾವು ಹೆಂಗಸರೇ ಮಾತಾಡಿಕೊಳ್ಳಬೇಕು, ಗೈಡು ಹೇಳುವುದಿಲ್ಲ. ಚಿನ್ನ ಬೆಳ್ಳಿ ಚಳಿಯನ್ನು ಬೇಗ ಎಳೆದುಕೊಳ್ಳುತ್ತವೆ. ಜುಮಕಿ ತೆಗೆದಿಡಿ. ಬೆಂಡೋಲೆ ತೆಗೆಯಲು ಮನಸ್ಸಿಲ್ಲದಿದ್ದರೆ ಕಿವಿ ಮುಚ್ಚುವ ಟೋಪಿ ಇಳಿಸಿಕೊಳ್ಳಿ. ತಾಳಿಸರ ಒಳಉಡುಪಿನ ಮೇಲೆ, ಸ್ವೆಟರಿನ ಒಳಗೆ ಇರಲಿ. ಕಾಲುಂಗುರ ಬೂಟಿನಲ್ಲಿ ಒತ್ತಿದರೆ ಬೆರಳಿಗೆ ರಕ್ತ ಓಡದೆ ಮರಗಟ್ಟುತ್ತದೆ. ಸವಾರಿ ಮುಗಿಯುವತನಕ ಪರ್ಸಿನಲ್ಲಿರಲಿ, ಏನೂ ತಪ್ಪಿಲ್ಲ.

ಇನ್ನು ಮಂಡಿ. ನಾಯಿಗಾಡಿ ನೆಲಕ್ಕಂಟಿಕೊಂಡು ಓಡುತ್ತದೆ, ಕುಲುಕಾಟ ಜಾಸ್ತಿ. ಸೊಂಟನೋವಿದ್ದವರು ಅದನ್ನು ಮಕ್ಕಳಿಗೇ ಬಿಟ್ಟುಬಿಡಿ. ಆದರೆ ಪಕ್ಕದಲ್ಲಿ ನಿಂತು ನೋಡಿ. ಹೊರಡುವ ಮುಂಚೆ ಆ ನಾಯಿಗಳು ಕಿವಿ ಕಿತ್ತುಹೋಗುವಂತೆ ಬೊಗಳುತ್ತವೆ, ಓಟ ಶುರುವಾದೊಡನೆ ಗಪ್‌ಚಿಪ್. ನಿಮಗೆ ತಕ್ಕದ್ದು ಹಿಮಸಾರಂಗದ ಗಾಡಿ. ನಮ್ಮ ಎತ್ತಿನಗಾಡಿಯ ಹಾಗೆ ನಿಧಾನ, ಕಾಲ ಮೇಲೆ ಕಂಬಳಿ. ಒಂದು ಸ್ವಾರಸ್ಯ ಕೇಳಿ: ಗಂಡು ಸಾರಂಗದ ಕೊಂಬು ಚಳಿಗಾಲ ಬರುವಷ್ಟರಲ್ಲಿ ಉದುರಿಹೋಗುತ್ತದೆ. ಬಸುರಿ ಹೆಣ್ಣಿನ ಕೊಂಬು ವಸಂತದಲ್ಲಿ ಮರಿ ಹಾಕುವತನಕ ಹಾಗೇ ಇರುತ್ತದೆ. ಹಿಮ ಕೆರೆದು ತೆಗೆದ ಮೇವನ್ನು ಬೇರೆಯವು ಕಸಿಯದಂತೆ ಕಾಯಲು ಅವಳಿಗದು ಬೇಕೇ ಬೇಕು! ಅಲ್ಲಿ ಬೀದಿಯ ದನದಂತೆ ತಿರುಗುವ ಸಾರಂಗಕ್ಕೂ ಯಜಮಾನರಿದ್ದಾರೆ, ಗುರುತು ಕಿವಿಯ ಕತ್ತರಿಕೆಯಲ್ಲಿ.

ಸಂಜೆ ಸೌನಾ ತಪ್ಪಿಸಬೇಡಿ. ಕಾದ ಕಲ್ಲಿಗೆ ನೀರು ಚಿಮುಕಿಸಿ ಆವಿಯಲ್ಲಿ ಕೂರುವ ಮರದ ಕೋಣೆ ಅದು. 55 ಲಕ್ಷ ಜನರ ದೇಶದಲ್ಲಿ ಸುಮಾರು 30 ಲಕ್ಷ ಸೌನಾಗಳಿವೆಯಂತೆ. 2020ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ಹಿಂದಿನ ಕಾಲದಲ್ಲಿ ಬೆಚ್ಚಗಿನ ಶುಚಿಯಾದ ಜಾಗವೆಂದು ಹೆರಿಗೆಯನ್ನೂ ಅಲ್ಲೇ ಮಾಡಿಸುತ್ತಿದ್ದರು. ಬಾಣಂತಿ ನೀರಿನ ಬಚ್ಚಲುಮನೆ ಕಂಡ ನಮಗೆ ಇದು ಹೊಸದೇನಲ್ಲ. ಸಾರ್ವಜನಿಕ ಸೌನಾಗಳಲ್ಲಿ ಸಾಮಾನ್ಯವಾಗಿ ಹೆಂಗಸರಿಗೆ ಬೇರೆ ಕೋಣೆ. ಅವರು ಬಟ್ಟೆಯಿಲ್ಲದೆ ಕೂರುತ್ತಾರೆ. ಸಂಕೋಚವಾದರೆ ಟವೆಲ್ ಸುತ್ತಿಕೊಳ್ಳಿ. ಬಿ.ಪಿ., ಹೃದಯದ ತೊಂದರೆ ಇದ್ದವರು ಊರಲ್ಲೇ ಡಾಕ್ಟರನ್ನು ಕೇಳಿಕೊಂಡು ಹೊರಡಿ. ವೀಸಾಕ್ಕೆ ಹೇಗೂ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ.

ಊಟದ ಚಿಂತೆ ಸಸ್ಯಾಹಾರಿಗಳಿಗೇ ಹೆಚ್ಚು, ಅಲ್ಲಿ ಸಾರಂಗದ ಮಾಂಸ, ಮೀನು ಎಲ್ಲೆಲ್ಲೂ. ತುಪ್ಪ, ಪೇಡ, ಖೋವಾದ ತಿಂಡಿ ಒಯ್ಯಬೇಡಿ. ಹಾಲಿನ ಪದಾರ್ಥಕ್ಕೆ ಯುರೋಪಿನ ಸುಂಕದ ಕಟ್ಟೆಯಲ್ಲಿ ತಡೆಯುಂಟು. ರವೆಯನ್ನು ಎಣ್ಣೆಯಲ್ಲಿ ಘಮ್ಮೆನ್ನುವಂತೆ ಹುರಿದು, ಸಾಸಿವೆ ಕಡಲೆಬೇಳೆ ಒಗ್ಗರಣೆ, ಉಪ್ಪು ಬೆರೆಸಿ, ಆರಿಸಿ ಕಟ್ಟಿಕೊಳ್ಳಿ. ಕುದಿಯುವ ನೀರಿದ್ದಲ್ಲಿ ಉಪ್ಪಿಟ್ಟು. ಅಲ್ಲಿ ಲೆಯ್ಪಾಯೂಸ್ತೊ ಅಂತ ಚಪಾತಿಯಂತೆ ಕಂದು ಚುಕ್ಕೆ ಬಿದ್ದ ಗಿಣ್ಣದ ಬಿಲ್ಲೆ ಸಿಗುತ್ತದೆ. ಹಿಂದೆ ಅದನ್ನು ಈದ ಹಸುವಿನ ಗಿಣ್ಣುಹಾಲಿನಲ್ಲೇ ಮಾಡುತ್ತಿದ್ದರು! ಕಾಫಿಗೆ ಹಾಕಿಕೊಂಡೂ ತಿನ್ನುತ್ತಾರೆ. ಹೆಪ್ಪಿಗೆ ಪ್ರಾಣಿಯದ್ದೇನಾದರೂ ಹಾಕಿದ್ದಾರೆಯೇ ಅಂತ ಮಗಳ ಕೈಲಿ ಲೇಬಲ್ ಓದಿಸಿ.

ಹೊರೆಯಾಗುವ ಸಂಕೋಚಕ್ಕೆ ಬಂದರೆ, ನಿಜವಾದ ಹೊರೆ ಯಾವುದು ಗೊತ್ತೆ? "ನನಗೇನೂ ಬೇಡ" ಎಂದು ಮೂಲೆ ಸೇರಿದ ಅಮ್ಮ. ಅವಳನ್ನು ಬಿಟ್ಟು ಹೊರಗೆ ಹೋದ ಮಕ್ಕಳಿಗೆ ಗಳಿಗೆಗಳಿಗೆಗೂ ಗಡಿಯಾರ ನೋಡುವುದೇ ಆಗುತ್ತದೆ. ಹಸಿರು ಬೆಳಕಿಗೆ ಆಕಾಶ ತಿಳಿಯಾಗಿರಬೇಕು, ಎರಡು ಮೂರು ರಾತ್ರಿ ಕಾದರೂ ಕಾಣದೆ ಹೋದೀತು. ಆ ಕಾಯುವಿಕೆಯಲ್ಲಿ ಫ್ಲಾಸ್ಕಿನ ಕಾಫಿ ಹಂಚಿಕೊಂಡು ಮಗಳ ಜೊತೆ ಕೂತು ಎಷ್ಟು ವರ್ಷವಾಯಿತು, ಲೆಕ್ಕ ಹಾಕಿ. ಯಾವುದಕ್ಕೆ ಬರುತ್ತೀರಿ, ಯಾವುದಕ್ಕೆ ಆಗುವುದಿಲ್ಲ ಅಂತ ಈಗಲೇ ಬಾಯಿಬಿಟ್ಟು ಹೇಳಿಬಿಡಿ. ಹಾಗೇ ಎರಡು ಜೊತೆ ದಪ್ಪ ಕಾಲುಚೀಲ ಹಾಕಿಕೊಂಡು ಹಾಳೆಯ ಮೇಲೆ ನಿಂತು, ಪೆನ್ಸಿಲಿನಲ್ಲಿ ಪಾದದ ಸುತ್ತ ಗೆರೆ ಎಳೆದು, ಬೂಟಿನ ಅಳತೆಗೆ ಫೋನಿನಲ್ಲಿ ಕಳಿಸಿ.