ಕಡೆಗೋಲಿನ ಕೆಲಸ, ಕರೆಂಟಿನ ಕೈ: ಹ್ಯಾಂಡ್ ಮಿಕ್ಸರ್ ಕೊಳ್ಳುವ ಮುನ್ನ

ಬೇಸಿಗೆ ರಜೆ ಬಂತೆಂದರೆ ಅನೇಕ ಮನೆಗಳಲ್ಲಿ ಕೇಕ್ ಪ್ರಯೋಗ ಶುರುವಾಗುತ್ತದೆ. ಮೊದಲ ಕೇಕ್ ಕುಕ್ಕರಿನೊಳಗೆ ಮರಳಿನ ಶಾಖದಲ್ಲಿ ಬೇಯುತ್ತದೆ. ಎರಡನೆಯದಕ್ಕೆ ಪಕ್ಕದ ಮನೆಯವರ ಓವನ್ ಬರುತ್ತದೆ. ಮೂರನೆಯದರ ಹೊತ್ತಿಗೆ ಮಕ್ಕಳ ಬೇಡಿಕೆಯ ಪಟ್ಟಿಯಲ್ಲಿ ಹ್ಯಾಂಡ್ ಮಿಕ್ಸರ್ ಸೇರಿರುತ್ತದೆ. ‘ಮನೇಲಿ ಮಿಕ್ಸಿ ಇದೆಯಲ್ಲ, ಇನ್ನೊಂದು ಯಾಕೆ?’ ಎಂದು ಅಪ್ಪ ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಕೊಡಬೇಕಾದ ಮಗನಿಗೋ ಮಗಳಿಗೋ ಹೈಸ್ಕೂಲಿನ ವಿಜ್ಞಾನ ಸ್ವಲ್ಪ ನೆನಪಿದ್ದರೆ ಸಾಕು.

ಮಿಕ್ಸಿಯ ಕೆಲಸ ಕತ್ತರಿಸುವುದು, ಪುಡಿ ಮಾಡುವುದು. ಅದರ ಬ್ಲೇಡು ಖಾಲಿ ಓಡುವಾಗ ನಿಮಿಷಕ್ಕೆ ಹದಿನೆಂಟು ಸಾವಿರ ಸುತ್ತಿನವರೆಗೂ ತಿರುಗಬಲ್ಲದು. ಹ್ಯಾಂಡ್ ಮಿಕ್ಸರಿನ ತಂತಿಬುಟ್ಟಿಗಳು, ಅಂದರೆ ಬೀಟರುಗಳು, ತಿರುಗುವುದು ನಿಮಿಷಕ್ಕೆ ಕೆಲವು ನೂರರಿಂದ ಸುಮಾರು ಒಂದು ಸಾವಿರ ಸುತ್ತು ಮಾತ್ರ. ಅದರ ಕೆಲಸ ಕತ್ತರಿಸುವುದಲ್ಲ, ತೆರೆದ ಪಾತ್ರೆಯಲ್ಲಿ ಗಾಳಿಯನ್ನು ಎಳೆದುಕೊಂಡು ಸಣ್ಣ ಸಣ್ಣ ಗುಳ್ಳೆಗಳಾಗಿ ಸೇರಿಸುವುದು. ಮಿಕ್ಸಿಯ ಮುಚ್ಚಿದ ಜಾರಿನಲ್ಲಿ ಇದು ಸರಿಯಾಗಿ ಆಗುವುದಿಲ್ಲ. ಮೈದಾ ಹಾಕಿ ಮಿಕ್ಸಿ ತಿರುಗಿಸಿದರಂತೂ ಹಿಟ್ಟು ಅಂಟಂಟಾಗಿ ಕೇಕ್ ಗಟ್ಟಿಯಾಗುತ್ತದೆ.

ಈ ಕೆಲಸ ಅಜ್ಜಿಗೆ ಗೊತ್ತಿಲ್ಲದ್ದೇನೂ ಅಲ್ಲ. ಕಡೆಗೋಲಿಗೆ ಹಗ್ಗ ಸುತ್ತಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಎಳೆಯುತ್ತಿದ್ದ ಕೈ ಮಾಡುತ್ತಿದ್ದುದೂ ಕಡೆಯುವ ಕೆಲಸವನ್ನೇ. ಒಂದೇ ಕಡೆಗೆ ತಿರುಗಿಸಿದರೆ ಮೊಸರೂ ಕೋಲಿನ ಜೊತೆಗೆ ತಿರುಗಿಬಿಡುತ್ತದೆ. ದಿಕ್ಕು ಬದಲಾದಾಗ ಮಾತ್ರ ಚೆನ್ನಾಗಿ ಕದಡುತ್ತದೆ. ಹ್ಯಾಂಡ್ ಮಿಕ್ಸರಿನಲ್ಲಿ ಹಗ್ಗದ ಬದಲು ಎರಡು ಬೀಟರುಗಳು ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ ತಿರುಗುತ್ತವೆ. ಅಮೆರಿಕದ ಪ್ರಾವಿಡೆನ್ಸ್ ಊರಿನ ಟರ್ನರ್ ವಿಲಿಯಮ್ಸ್ ಎಂಬಾತ ಹೀಗೆ ವಿರುದ್ಧವಾಗಿ ತಿರುಗುವ ಎರಡು ಬೀಟರುಗಳ ಕೈಯಂತ್ರಕ್ಕೆ 1870ರಲ್ಲಿ ಪೇಟೆಂಟ್ ಪಡೆದ. ಈ ಜೋಡಣೆಯಿಂದ ಇನ್ನೊಂದು ಲಾಭವೂ ಇದೆ. ಒಂದು ಬೀಟರ್ ಕೈಯನ್ನು ಎಡಕ್ಕೆ ತಿರುಚಲು ನೋಡಿದರೆ ಇನ್ನೊಂದು ಬಲಕ್ಕೆ ತಿರುಚುತ್ತದೆ. ಎರಡೂ ಹೆಚ್ಚುಕಡಿಮೆ ಸರಿಹೋಗಿ ಹಿಡಿದವರ ಮಣಿಕಟ್ಟಿಗೆ ಶ್ರಮ ಕಡಿಮೆಯಾಗುತ್ತದೆ. ನ್ಯೂಟನ್ನನ ಮೂರನೆಯ ನಿಯಮ ಅಡುಗೆಮನೆಯಲ್ಲೂ ಜಾರಿಯಲ್ಲಿದೆ!

ಉಬ್ಬುವ ಗುಟ್ಟು

ಕೇಕ್ ಉಬ್ಬುವುದು ಬೇಕಿಂಗ್ ಪೌಡರಿನಿಂದ ಎಂದು ಬಹಳ ಮಂದಿ ತಿಳಿದಿದ್ದಾರೆ. ಇದು ಅರ್ಧ ಸತ್ಯ. ಪೌಡರಿನಿಂದ ಹುಟ್ಟುವ ಕಾರ್ಬನ್ ಡೈಆಕ್ಸೈಡ್ ಹೊಸ ಗುಳ್ಳೆಗಳನ್ನು ಸೃಷ್ಟಿಸುವುದಕ್ಕಿಂತ ಹೆಚ್ಚಾಗಿ, ಕಡೆಯುವಾಗ ಆಗಲೇ ಸೇರಿರುವ ಗುಳ್ಳೆಗಳನ್ನು ಹಿಗ್ಗಿಸುತ್ತದೆ. ಬೆಣ್ಣೆ ಮತ್ತು ಸಕ್ಕರೆಯನ್ನು ಕಡೆಯುವಾಗ ಸಕ್ಕರೆಯ ಹರಳಿನ ಚೂಪು ಅಂಚುಗಳು ಗಾಳಿಯನ್ನು ಬೆಣ್ಣೆಯೊಳಗೆ ಒಯ್ಯುತ್ತವೆ. ಬೆಣ್ಣೆ ಹಳದಿಯಿಂದ ಬಿಳಿಚಿಕೊಂಡು ಹಗುರಾಗುವುದು ಇದಕ್ಕೇ. ಬೆಣ್ಣೆ ಕಲ್ಲಿನಂತಿದ್ದರೆ ಗಾಳಿ ಒಳಗೆ ಹೋಗುವುದಿಲ್ಲ. ಕರಗಿದ್ದರೆ ಒಳಗೆ ನಿಲ್ಲುವುದಿಲ್ಲ. 18ರಿಂದ 20 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಅದು ಹದವಾಗಿರುತ್ತದೆ. ಮೇ ತಿಂಗಳ ರಾಯಚೂರು, ಕಲಬುರಗಿಗಳಲ್ಲಿ ಎಷ್ಟು ದುಬಾರಿ ಮಿಕ್ಸರ್ ತಂದರೂ ಪಾತ್ರೆಯನ್ನು ತಣ್ಣೀರಿನಲ್ಲಿ ಇರಿಸಿಕೊಳ್ಳದೆ ಬೆಣ್ಣೆ ಹದಕ್ಕೆ ಬಾರದು.

ಮೊಟ್ಟೆಯ ಬಿಳಿಭಾಗದ ಕಥೆ ಬೇರೆ. ಅಲ್ಲಿ ಸುರುಳಿ ಸುತ್ತಿಕೊಂಡ ಪ್ರೋಟೀನ್ ಅಣುಗಳು ಬೀಟರಿನ ಹೊಡೆತಕ್ಕೆ ಬಿಚ್ಚಿಕೊಂಡು ಗುಳ್ಳೆಯ ಸುತ್ತ ಪೊರೆ ಕಟ್ಟುತ್ತವೆ. ಬಿಳಿಭಾಗ ಹೀಗೆ ಆರು, ಏಳು ಪಟ್ಟು ಉಬ್ಬಬಲ್ಲದು. ಒಂದಿಷ್ಟು ಹಳದಿಯೋ ಎಣ್ಣೆಯ ಜಿಡ್ಡೋ ಬಿತ್ತೆಂದರೆ ಪೊರೆ ನಿಲ್ಲದು. ಜಿಡ್ಡು ಹಿಡಿದಿಟ್ಟುಕೊಳ್ಳುವ ಪ್ಲಾಸ್ಟಿಕ್ ಪಾತ್ರೆಗಿಂತ ಸ್ಟೀಲು, ಗಾಜು ಮೇಲು ಎನ್ನುವುದು ಈ ಕಾರಣಕ್ಕೆ. ಎಷ್ಟೋ ಮನೆಗಳಲ್ಲಿ ಬೈಗುಳ ಮಿಕ್ಸರಿಗೆ ಬೀಳುತ್ತದೆ, ತಪ್ಪು ಪಾತ್ರೆಯದಾಗಿರುತ್ತದೆ.

ಎಲ್ಲರಿಗೂ ಬೇಕೆ?

ಮೊಟ್ಟೆ ಹಾಕದೆ, ಮೊಸರು, ಎಣ್ಣೆ, ಅಡುಗೆ ಸೋಡ ಬೆರೆಸಿ ಕೇಕ್ ಮಾಡುವ ಮನೆಗಳು ನಮ್ಮಲ್ಲಿ ಸಾಕಷ್ಟಿವೆ. ಈ ವಿಧಾನದಲ್ಲಿ ಮೊಸರಿನ ಆಮ್ಲ ಮತ್ತು ಸೋಡ ಸೇರಿದ ಕೂಡಲೇ ಅನಿಲ ಹುಟ್ಟತೊಡಗುತ್ತದೆ. ಹಿಟ್ಟನ್ನು ಬೇಗ ಕಲಸಿ ಬೇಗ ಓವನಿಗೆ ಇಡಬೇಕು. ಹತ್ತು ನಿಮಿಷ ಮಿಕ್ಸರ್ ಹಿಡಿದರೆ ಅನಿಲವೂ ಹೋಗುತ್ತದೆ, ಮೈದಾದ ಗ್ಲುಟೆನ್ ಬಲಿತು ಕೇಕ್ ರಬ್ಬರಿನಂತಾಗುತ್ತದೆ. ಇಂಥ ಮನೆಗೆ ಒಂದು ತಂತಿಯ ವಿಸ್ಕ್ ಅಥವಾ ಮರದ ಸೌಟು ಸಾಕು. ಉಳಿದ ಹಣಕ್ಕೆ ಒಂದು ಅಡುಗೆ ತಕ್ಕಡಿ ಕೊಂಡರೆ ಕೇಕ್ ಹೆಚ್ಚು ಚೆನ್ನಾಗಿ ಬರುತ್ತದೆ.

ಬೆಣ್ಣೆ ಕೇಕ್, ಮೊಟ್ಟೆಯ ಸ್ಪಂಜ್ ಕೇಕ್, ಮೇಲೆ ಬಳಿಯುವ ಕ್ರೀಮ್, ಇವನ್ನು ಆಗಾಗ ಮಾಡುವವರಿಗೆ ಹ್ಯಾಂಡ್ ಮಿಕ್ಸರ್ ನಿಜವಾಗಿ ಉಪಕಾರಿ. ಆದರೆ ಕ್ರೀಮ್ ಕಡೆಯುವವರು ಪೊಟ್ಟಣದ ಮೇಲಿನ ಕೊಬ್ಬಿನ ಅಂಶವನ್ನು ಓದಬೇಕು. ಶೇಕಡ 25 ಕೊಬ್ಬಿನ ಸಾಧಾರಣ ಕ್ರೀಮ್ ಗಟ್ಟಿಯಾಗಿ ನಿಲ್ಲುವುದಿಲ್ಲ. ಶೇಕಡ 30ಕ್ಕೂ ಹೆಚ್ಚಿರಬೇಕು, ಚೆನ್ನಾಗಿ ತಣ್ಣಗೂ ಇರಬೇಕು. ಹಾಗೆಂದು ಮೈಮರೆತು ಕಡೆಯುತ್ತಲೇ ಹೋದರೆ ಕ್ರೀಮ್ ಒಡೆದು ಬೆಣ್ಣೆ ಮತ್ತು ಮಜ್ಜಿಗೆಯಾಗುತ್ತದೆ. ಆಗ ಹ್ಯಾಂಡ್ ಮಿಕ್ಸರ್ ಅಕ್ಷರಶಃ ಕಡೆಗೋಲು!

ವ್ಯಾಟ್ ಎಂಬ ಮಾಯೆ

ಅಂಗಡಿಯವರು ಮೊದಲು ಹೇಳುವುದು ವ್ಯಾಟ್. ‘ಇದು 250, ಅದು 400. ಅದೇ ಪವರ್‌ಫುಲ್ ಸಾರ್.’ ಡಬ್ಬಿಯ ಮೇಲಿನ ವ್ಯಾಟ್ ಮಿಕ್ಸರ್ ಲೈನಿನಿಂದ ಎಳೆದುಕೊಳ್ಳುವ ವಿದ್ಯುತ್ತಿನ ಲೆಕ್ಕ, ಬೀಟರಿಗೆ ತಲುಪುವ ಬಲದ ಲೆಕ್ಕವಲ್ಲ. ಒಂದು ಪಾಲು ಶಾಖವಾಗಿ, ಸದ್ದಾಗಿ, ಗೇರುಗಳ ಘರ್ಷಣೆಯಾಗಿ ಹೋಗುತ್ತದೆ. ಒಳ್ಳೆಯ ಗೇರಿನ 250 ವ್ಯಾಟ್ ಯಂತ್ರ, ಕಳಪೆ ಗೇರಿನ 400 ವ್ಯಾಟ್ ಯಂತ್ರಕ್ಕಿಂತ ಚೆನ್ನಾಗಿ ಕಡೆಯಬಹುದು. ಅರ್ಧ ಕಿಲೊ, ಒಂದು ಕಿಲೊ ಕೇಕಿಗೆ 200ರಿಂದ 300 ವ್ಯಾಟ್ ಸಾಕು.

ಕರೆಂಟ್ ಬಿಲ್ಲಿನ ಚಿಂತೆಯಿದ್ದರೆ ಲೆಕ್ಕ ಹಾಕಿ ನೋಡಬಹುದು. 250 ವ್ಯಾಟ್ ಮಿಕ್ಸರ್ ಒಂದು ಸಲಕ್ಕೆ ಹತ್ತು ನಿಮಿಷ ಓಡಿದರೆ, ಒಂದು ಯೂನಿಟ್ ಮುಗಿಯಲು 24 ಸಲ ಓಡಬೇಕು. 1500 ವ್ಯಾಟಿನ ಓವನ್ ಎಡೆಬಿಡದೆ ಕಾದರೆ ಅದೇ ಒಂದು ಯೂನಿಟ್ಟನ್ನು 40 ನಿಮಿಷದಲ್ಲಿ ಮುಗಿಸುತ್ತದೆ. ಉಳಿತಾಯ ಮಾಡುವುದಿದ್ದರೆ ಓವನಿನ ಬಾಗಿಲನ್ನು ಪದೇ ಪದೇ ತೆರೆಯದಿರುವುದು ಒಳ್ಳೆಯ ಉಪಾಯ.

ವ್ಯಾಟಿಗಿಂತ ಮುಖ್ಯವಾದ ಒಂದು ಸಂಗತಿ ಯಂತ್ರದ ಕೆಳಗಿನ ಚೀಟಿಯಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ: ‘ಕೆಬಿ 5 ಮಿನಿಟ್ಸ್’ ಎಂಬಂಥ ಬರಹ. ಒಂದೇ ಸಮನೆ ಐದು ನಿಮಿಷಕ್ಕಿಂತ ಹೆಚ್ಚು ಓಡಿಸಬೇಡಿ, ತಣಿಯಲು ಬಿಡಿ ಎಂದು ಅದರ ಅರ್ಥ. ಮೋಟಾರು ತಿರುಗುವಾಗ ಅದರೊಳಗೆ ಒಂದು ವಿರುದ್ಧ ವೋಲ್ಟೇಜ್ ಹುಟ್ಟಿ ಕರೆಂಟನ್ನು ಹಿಡಿತದಲ್ಲಿಡುತ್ತದೆ. ಗಟ್ಟಿ ಹಿಟ್ಟಿನಲ್ಲಿ ಮೋಟಾರಿನ ವೇಗ ಕುಗ್ಗಿದಾಗ ಈ ವೋಲ್ಟೇಜೂ ಕುಗ್ಗಿ ಕರೆಂಟು ಏರುತ್ತದೆ. ಕರೆಂಟು ಎರಡರಷ್ಟಾದರೆ ತಂತಿಯಲ್ಲಿ ಹುಟ್ಟುವ ಶಾಖ ನಾಲ್ಕರಷ್ಟು. ಅದೇ ಹೊತ್ತಿಗೆ ಮೋಟಾರಿನ ಪುಟ್ಟ ಫ್ಯಾನೂ ನಿಧಾನವಾಗಿ, ತಣಿಸುವ ಗಾಳಿ ಕಡಿಮೆಯಾಗುತ್ತದೆ. ಸುರುಳಿಯಾಕಾರದ ಕೊಕ್ಕೆ ಜೊತೆಗೆ ಬಂದಿದೆ ಎಂದು ಚಪಾತಿ ಹಿಟ್ಟು ಕಲಸಲು ಹೊರಟವರ ಮಿಕ್ಸರ್ ಬೇಗ ಸುಟ್ಟುಹೋಗುವುದಕ್ಕೆ ಕಾರಣ ಇದೇ. ಮನೆಯಲ್ಲೇ ಕೇಕ್ ಮಾಡಿ ಆರ್ಡರ್ ಒಪ್ಪಿಸುವ ಗೃಹಿಣಿಯರು ಇದನ್ನು ಮರೆಯಬಾರದು. ದಿನಕ್ಕೆ ನಾಲ್ಕೈದು ಕೇಕ್ ಮಾಡುವವರಿಗೆ ಮೇಜಿನ ಮೇಲೆ ನಿಲ್ಲುವ ದೊಡ್ಡ ಮಿಕ್ಸರೇ ತಕ್ಕದ್ದು. ಹುಟ್ಟುಹಬ್ಬದ ಹಿಂದಿನ ರಾತ್ರಿ ಮೋಟಾರು ಸುಟ್ಟರೆ ಹೋಗುವುದು ಹಣ ಮಾತ್ರವಲ್ಲ, ಗಿರಾಕಿಯ ನಂಬಿಕೆ ಕೂಡ.

ಅಂಗಡಿಯಲ್ಲಿ ನೋಡಬೇಕಾದ್ದು

ಮೊದಲನೆಯದಾಗಿ, ಯಂತ್ರವನ್ನು ಕೈಯಲ್ಲಿ ಹಿಡಿದು ನೋಡಬೇಕು. ಒಂದು ಕಿಲೊ ತೂಕ ಹಿಡಿದ ಕೂಡಲೇ ಭಾರವೆನಿಸದು. ಐದು ನಿಮಿಷ ಕಳೆದ ಮೇಲೆ ಎನಿಸುತ್ತದೆ. ಬಳಸುವವರು ಮಗಳಾದರೆ ಹಿಡಿದು ನೋಡಬೇಕಾದವಳೂ ಮಗಳೇ, ಅಪ್ಪನಲ್ಲ.

ಎರಡನೆಯದು, ವೇಗ. ಎಲ್ಲರೂ ಕೊನೆಯ ವೇಗವನ್ನು ಕೇಳುತ್ತಾರೆ. ಕೇಳಬೇಕಾದ್ದು ಮೊದಲ ವೇಗವನ್ನು. ಅದು ನಿಜವಾಗಿ ನಿಧಾನವಾಗಿರದಿದ್ದರೆ ಮೈದಾ ಹಾಕಿದ ಕೂಡಲೇ ಅಡುಗೆಮನೆಯೆಲ್ಲ ಬಿಳಿಯಾಗುತ್ತದೆ.

ಮೂರನೆಯದು, ಬೀಟರುಗಳು. ಸ್ಟೇನ್‌ಲೆಸ್ ಸ್ಟೀಲಿನದಾಗಿರಲಿ. ಹಲವು ಮಾದರಿಗಳಲ್ಲಿ ಒಂದು ಬೀಟರಿನ ಕಂಬಕ್ಕೆ ಬಳೆಯಂಥ ಪಟ್ಟಿ ಇರುತ್ತದೆ. ಅದು ಅದಕ್ಕೆಂದೇ ಇರುವ ತೂತಿಗೆ ಹೋಗಬೇಕು. ಅದಲುಬದಲಾದರೆ ಎರಡೂ ಒಂದಕ್ಕೊಂದು ತಾಗಿ ಬಾಗುತ್ತವೆ. ಬೀಟರ್ ಮಾತ್ರ ಬಿಡಿಯಾಗಿ ಸಿಗುತ್ತದೆಯೇ, ರಿಪೇರಿ ಕೇಂದ್ರ ಊರಿನಲ್ಲಿದೆಯೇ ಎಂದೂ ಕೇಳಬೇಕು.

ನಾಲ್ಕನೆಯದು, ಸುರಕ್ಷತೆ. ಐಎಸ್ಐ ಗುರುತು ಇದ್ದರೆ ಅದರ ಜೊತೆಗೆ ಲೈಸೆನ್ಸ್ ಸಂಖ್ಯೆಯೂ ಇರುತ್ತದೆ. ಆ ಸಂಖ್ಯೆ ಅಸಲಿಯೇ ಎಂದು ಮೊಬೈಲಿನ ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ನೋಡಬಹುದು. ಪ್ಲಗ್ಗಿಗೆ ಎರಡೇ ಪಿನ್ ಇದ್ದರೆ, ಚೀಟಿಯ ಮೇಲೆ ಚೌಕದೊಳಗೊಂದು ಚೌಕದ ಚಿತ್ರವಿರಬೇಕು. ಎರಡು ಪದರದ ಇನ್ಸುಲೇಷನ್ ಇದೆ, ಅರ್ತಿಂಗ್ ಬೇಕಿಲ್ಲ ಎಂಬ ಗುರುತು ಅದು. ಎರಡು ಪಿನ್ನೂ ಇದ್ದು ಆ ಚಿತ್ರವೂ ಇಲ್ಲದಿದ್ದರೆ ಅಗ್ಗವಾದರೂ ಅದು ಬೇಡ.

ಕೊನೆಯದಾಗಿ, ಅರ್ಧ ನಿಮಿಷ ಓಡಿಸಿ ನೋಡಬೇಕು. ಗಾಳಿಕಿಂಡಿಯೊಳಗೆ ಸಣ್ಣ ನೀಲಿ ಕಿಡಿ ಕಂಡರೆ ಗಾಬರಿ ಬೇಡ. ಕಾರ್ಬನ್ ಬ್ರಷ್ ಇರುವ ಮೋಟಾರುಗಳಲ್ಲಿ ಅದು ಸಹಜ. ಸುಟ್ಟ ವಾಸನೆ, ಗೇರಿನ ಕಟಕಟ ಸದ್ದು ಸಹಜವಲ್ಲ.

ವಿದೇಶದ ಉಡುಗೊರೆ

ಅಮೆರಿಕದಲ್ಲಿರುವ ಅಣ್ಣನೋ ಚಿಕ್ಕಮ್ಮನೋ ಊರಿಗೆ ಬರುವಾಗ ಮಿಕ್ಸರ್ ತಂದುಕೊಡುವುದುಂಟು. ಅಲ್ಲಿನ ಮನೆಗಳ ವಿದ್ಯುತ್ 120 ವೋಲ್ಟ್, ಇಲ್ಲಿಯದು 230. ಹೀಟರಿನಂಥ ಸರಳ ಉಪಕರಣದಲ್ಲಾದರೆ ಈ ಅಂತರ ಮೂರೂವರೆ ಪಟ್ಟಿಗೂ ಹೆಚ್ಚು ಶಾಖ ಹುಟ್ಟಿಸುತ್ತದೆ. ಮೋಟಾರಿನ ಲೆಕ್ಕ ತುಸು ಬೇರೆ. ಸುಟ್ಟುಹೋಗುವ ಭಯ ಮಾತ್ರ ಒಂದೇ. ಪ್ಲಗ್ಗಿನ ಆಕಾರ ಬದಲಿಸುವ ಅಡಾಪ್ಟರ್ ವೋಲ್ಟೇಜನ್ನು ಬದಲಿಸುವುದಿಲ್ಲ. ಅದಕ್ಕೆ ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಬೇರೆ ಬೇಕು. ಪ್ರೀತಿಯಿಂದ ತರುವವರಿಗೆ ಈ ಮಾತನ್ನು ಮೊದಲೇ ತಿಳಿಸುವುದು ಒಳ್ಳೆಯದು.

ಮಕ್ಕಳು ಬಳಸುವಾಗ ಜಡೆ ಕಟ್ಟಿರಬೇಕು, ದುಪಟ್ಟಾ ಸಿಕ್ಕಿಸಿರಬೇಕು. ತಿರುಗುತ್ತಿರುವ ಬೀಟರಿನ ನಡುವೆ ಚಮಚ ಹಾಕಬಾರದು. ಬೀಟರ್ ತೆಗೆಯುವ ಮೊದಲು ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ಮನೆಯ ಮುಖ್ಯ ಫಲಕದಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದ್ದರೆ ಶಾಕ್ ತಗುಲಿದಾಗ ವಿದ್ಯುತ್ ತಾನೇ ಕಡಿದುಹೋಗುತ್ತದೆ. ಬೀಟರಿಗೆ ಅಂಟಿದ ಹಸಿ ಹಿಟ್ಟನ್ನು ನೆಕ್ಕುವ ಅಭ್ಯಾಸವೂ ಬೇಡ. ಹಸಿ ಮೊಟ್ಟೆ, ಹಸಿ ಮೈದಾ ಎರಡರಲ್ಲೂ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇರಬಹುದು.

ಮಾಡಿ ನೋಡಿ

ವಿದ್ಯಾರ್ಥಿಗಳಿಗೆ ಒಂದು ಪ್ರಯೋಗ. ಒಂದು ಸಣ್ಣ ಬಟ್ಟಲಿನ ಅಂಚಿನವರೆಗೆ ನೀರು ತುಂಬಿ, ಬಟ್ಟಲಿನ ತೂಕ ಕಳೆದು, ನೀರಿನ ತೂಕ ಬರೆದಿಡಿ. ಮೊಟ್ಟೆ ಮತ್ತು ಸಕ್ಕರೆಯನ್ನು ಎರಡು ನಿಮಿಷ ಕಡೆದು ಅದೇ ಬಟ್ಟಲಿನಲ್ಲಿ ತುಂಬಿ ತೂಗಿ. ಅದನ್ನು ಮರಳಿ ಪಾತ್ರೆಗೆ ಹಾಕಿ, ಮತ್ತೆ ಎರಡೆರಡು ನಿಮಿಷಕ್ಕೊಮ್ಮೆ ಹೀಗೇ ಮಾಡಿ. ಮಿಶ್ರಣದ ತೂಕವನ್ನು ನೀರಿನ ತೂಕದಿಂದ ಭಾಗಿಸಿದರೆ ಸಿಗುವುದೇ ಸಾಪೇಕ್ಷ ಸಾಂದ್ರತೆ. ಗಾಳಿ ಸೇರಿದಂತೆಲ್ಲ ಈ ಸಂಖ್ಯೆ ಇಳಿಯುತ್ತದೆ. ಒಂದು ಹಂತದ ಮೇಲೆ ಇಳಿಯುವುದು ನಿಲ್ಲುತ್ತದೆ. ಮಿಕ್ಸರನ್ನೂ ಅಲ್ಲಿಗೆ ನಿಲ್ಲಿಸಬಹುದು. ಗ್ರಾಫ್ ಹಾಳೆಯಲ್ಲಿ ಸಮಯ ಮತ್ತು ಸಾಂದ್ರತೆಯನ್ನು ಗುರುತಿಸಿದರೆ, ‘ಎಷ್ಟು ಹೊತ್ತು ಕಡೆಯಬೇಕು?’ ಎಂಬ ಪ್ರಶ್ನೆಗೆ ನಿಮ್ಮ ಮನೆಯ ಮಿಕ್ಸರೇ ಉತ್ತರ ಹೇಳುತ್ತದೆ. ‘ಇನ್ನೊಂದು ಯಾಕೆ?’ ಎಂದು ಕೇಳಿದ ಅಪ್ಪನಿಗೆ ಆ ಗ್ರಾಫನ್ನೂ ತೋರಿಸಿ, ಜೊತೆಗೆ ಒಂದು ತುಂಡು ಕೇಕನ್ನೂ ಕೊಡಿ.