ಕೊಂಕಣ ಸುತ್ತಿ ಬರುವ ವಿದ್ಯುತ್ತು

ಬೂದಿಗೆರೆಯ ಕಡೆ, ವಿದ್ಯುತ್ ಕಂಬ ತಲುಪದ ತೋಟದ ಮನೆಯೊಂದನ್ನು ವಾಚಕರು ಊಹಿಸಿಕೊಳ್ಳಲಿ. ಸೌರ ಪಂಪಿನ ತಾಮ್ರದ ತಂತಿಗೆ ಕಳ್ಳರ ಭಯ. ಅದಕ್ಕೆಂದು ನಾಲ್ಕು ಕಾವಲು ಕ್ಯಾಮೆರಾಗಳು, ಅವು ಕಂಡುದನ್ನು ಡಿಸ್ಕಿನಲ್ಲಿ ಬರೆದಿಡುವ ಒಂದು ರೆಕಾರ್ಡರು, ಶಕ್ತಿಗೆ ಸೌರಫಲಕ ಮತ್ತು 12 ವೋಲ್ಟಿನ ಬ್ಯಾಟರಿ. ಬ್ಯಾಟರಿ ಕೊಡುವುದು ನೇರ ಪ್ರವಾಹ. ಅನೇಕ ಚಿಕ್ಕ ರೆಕಾರ್ಡರುಗಳು ಬೇಡುವುದೂ 12 ವೋಲ್ಟಿನ ನೇರ ಪ್ರವಾಹವನ್ನೇ. ಆದರೂ ನಡುವೆ ಇನ್ವರ್ಟರೊಂದು ಕುಳಿತು ಅದನ್ನು 230 ವೋಲ್ಟಿನ ಪರ್ಯಾಯ ಪ್ರವಾಹವಾಗಿ ಮಾರ್ಪಡಿಸುತ್ತದೆ; ಅಡಾಪ್ಟರು ಅದನ್ನು ಮರಳಿ 12 ವೋಲ್ಟಿನ ನೇರ ಪ್ರವಾಹಕ್ಕೆ ತರುತ್ತದೆ. ಕೊಂಕಣ ಸುತ್ತಿ ಮೈಲಾರಕ್ಕೆ ಬಂದಂತೆ!

ಈ ಸುತ್ತಿಗೆ ತೆರುವ ಬೆಲೆಯೇನು? ಎಲ್ಲ ಸೇರಿ 30 ವ್ಯಾಟ್ ಬೇಕೆನ್ನೋಣ. ದಿನವೊಂದಕ್ಕೆ 720 ವ್ಯಾಟ್‌ಗಂಟೆ. ಇನ್ವರ್ಟರು, ಅಡಾಪ್ಟರು ಎರಡರ ದಕ್ಷತೆಯೂ ಶೇಕಡಾ 85 ಎಂದರೆ, ಬ್ಯಾಟರಿ ಸುಮಾರು 1000 ವ್ಯಾಟ್‌ಗಂಟೆ ಕೊಡಬೇಕು. ಶೇಕಡಾ 92 ದಕ್ಷತೆಯ ಪರಿವರ್ತಕವೊಂದರ ಮೂಲಕ ನೇರವಾಗಿ ಕೊಟ್ಟರೆ 780 ಸಾಕು. ಉಳಿದ 220ರಲ್ಲಿ ಏಳು ಗಂಟೆಗಳ ಕಾವಲು ನಡೆದೀತು. ಮೋಡ ಕವಿದ ದಿನದ ಮರುರಾತ್ರಿ ಬ್ಯಾಟರಿ ಬರಿದಾಗುವುದು ಬೆಳಗಿನ ಜಾವಕ್ಕೆ. ಕಳ್ಳನಿಗೆ ಅನುಕೂಲವಾದ ಹೊತ್ತೂ ಅದೇ.

ಪರ್ಯಾಯ ಪ್ರವಾಹವನ್ನು ನಾವು ಹಳಿಯುತ್ತಿಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ, ಸುಮಾರು 150 ಕಿಲೋಮೀಟರು ದೂರ, ವಿದ್ಯುತ್ತನ್ನು ಒಯ್ದದ್ದು ಅದೇ. ವೋಲ್ಟೇಜನ್ನು ಏರಿಸಿ ಇಳಿಸುವ ಟ್ರಾನ್ಸ್‌ಫಾರ್ಮರಿನ ಸೌಲಭ್ಯ ಅದಕ್ಕಿತ್ತು. (2003ರಲ್ಲಿ ಒಡಿಶಾದ ತಾಲ್ಚೇರಿನಿಂದ ಅದೇ ಕೋಲಾರಕ್ಕೆ ನೇರ ಪ್ರವಾಹದ ಮಾರ್ಗ ಬಂದುದು ಬೇರೆಯೇ ಕಥೆ.) ತೋಟದ ಮನೆಯಲ್ಲಿ ಬ್ಯಾಟರಿಗೂ ರೆಕಾರ್ಡರಿಗೂ ಇರುವ ಅಂತರ ಹತ್ತು ಅಡಿ. ಇಷ್ಟಕ್ಕಾಗಿ ಹಗಲಿರುಳು ಇನ್ವರ್ಟರನ್ನು ಉರಿಸುವುದು ದುಂದೆಂದೇ ನಮ್ಮ ಅಭಿಪ್ರಾಯ.

ಆದರೆ ನೇರವೆಂದರೆ ಬರಿಯ ಎರಡು ತಂತಿಗಳನ್ನು ಸಿಕ್ಕಿಸುವುದಲ್ಲ. 12 ವೋಲ್ಟೆಂಬುದು ಬ್ಯಾಟರಿಯ ಹೆಸರು ಮಾತ್ರ. ಸೀಸ-ಆಮ್ಲ ಬ್ಯಾಟರಿ ಬಿಸಿಲಿನಲ್ಲಿ ತುಂಬಿಕೊಳ್ಳುವಾಗ 14.4 ವೋಲ್ಟಿಗೆ ಏರುತ್ತದೆ, ಬರಿದಾಗುತ್ತ 11ಕ್ಕೂ ಇಳಿಯುತ್ತದೆ. ಡಿಸ್ಕಿನ ಮೋಟಾರು ಸಾಮಾನ್ಯವಾಗಿ ಸಹಿಸುವುದು ಶೇಕಡಾ ಹತ್ತರಷ್ಟು ಏರಿಳಿತವನ್ನು. ಬರೆಯುತ್ತಿರುವಾಗಲೇ ವೋಲ್ಟೇಜು ಕುಸಿದರೆ ದಾಖಲೆಯೇ ಕೆಟ್ಟೀತು. ಆದುದರಿಂದ 9ರಿಂದ 18 ವೋಲ್ಟಿನವರೆಗೆ ಏನು ಬಂದರೂ ಸ್ಥಿರವಾಗಿ 12 ಕೊಡುವ ಪರಿವರ್ತಕ ಬೇಕು. ಬ್ಯಾಟರಿ ತೀರ ಬರಿದಾಗುವ ಮುನ್ನ ಸಂಪರ್ಕ ಕಡಿಯುವ ಸಾಧನ ಬೇಕು. ಬ್ಯಾಟರಿಯ ಧನಾಗ್ರದ ಬಳಿಯಲ್ಲೇ ಫ್ಯೂಸು ಇರತಕ್ಕದ್ದು. 12 ವೋಲ್ಟು ಮೈಗೆ ಆಘಾತ ಕೊಡದು, ನಿಜ. ಆದರೆ ತಂತಿಗಳು ಒಂದಕ್ಕೊಂದು ತಗಲಿದರೆ ನೂರಾರು ಆಂಪಿಯರು ಹರಿದು ಹೊದಿಕೆ ಹೊತ್ತಿಕೊಳ್ಳುತ್ತದೆ.

ತಂತಿ ಮುಟ್ಟುವ ಮೊದಲು ವಿದ್ಯಾರ್ಥಿಗಳು ಅಡಾಪ್ಟರಿನ ಬೆನ್ನಿನ ಚೀಟಿಯನ್ನು ಓದಬೇಕು. ಕ್ಯಾಮೆರಾಗಳಿಗೆ ಜಾಲದ ತಂತಿಯಲ್ಲಿಯೇ ವಿದ್ಯುತ್ತನ್ನೂ ಕಳುಹಿಸುವ ರೆಕಾರ್ಡರುಗಳಲ್ಲಿ ಅದು 48 ವೋಲ್ಟ್ ಎಂದಿರುವುದುಂಟು. ಅಂಥದಕ್ಕೆ 12ನ್ನು 48ಕ್ಕೆ ಏರಿಸುವ ಬೇರೆ ಪರಿವರ್ತಕವೇ ಆಗಬೇಕು.